ಮಿಲಾನಿಗೆ ಹೋದ ಸಾಸಿವೆ

ಜನವರಿ 7, ಮಂಗಳವಾರ. ಸಂಜೆ 6

ನಾಲ್ಕು ಬ್ಲೌಸ್‌ಗೆ ಹೆಮ್ಮಿಂಗ್ ಆಯಿತು. ಎರಡಕ್ಕೆ ಹುಕ್ಕು ಬಾಕಿ. ಕಪ್ಪು ಲೈನಿಂಗ್ ಮತ್ತೆ ಖಾಲಿ. ಅಮ್ಮತ್ತಿಯ ಹೆಂಗಸರಿಗೆಲ್ಲ ಈ ವರ್ಷ ಕಪ್ಪಿನ ಹುಚ್ಚು.

ಮೂರಕ್ಕೆ ಸರಿಯಾಗಿ ಅಮೃತಾ ಬಂದಳು. ಮಂಗಳವಾರ, ಶುಕ್ರವಾರ — ಮಳೆ ಬಂದರೂ ತಪ್ಪಿಸುವುದಿಲ್ಲ. ಗಂಡ ಅನಿಲ್‌ಕುಮಾರ್‌ಗೆ ಇಲ್ಲಿನ ಬ್ಯಾಂಕಿಗೆ ವರ್ಗವಾಗಿ ಶನಿವಾರಸಂತೆ ಕಡೆಯಿಂದ ಬಂದವಳು. ಎರಡು ವರ್ಷದ ಹಿಂದೆ ಒಂದು ಬ್ಲೌಸ್ ಕೊಡಲು ಬಂದು ಸ್ಟೂಲಿನ ಮೇಲೆ ಕೂತಳು. ಇನ್ನೂ ಎದ್ದಿಲ್ಲ. ಅವಳು ಫೋನಿನಲ್ಲಿ ಇಂಗ್ಲಿಷ್ ಕಾದಂಬರಿ ಓದಿ ಕನ್ನಡದಲ್ಲಿ ಹೇಳುವುದು, ನಾನು ಹೊಲಿಯುತ್ತ ಕೇಳುವುದು. ಇದು ನಾಲ್ಕನೆಯ ಪುಸ್ತಕ. ನನ್ನ ಇಂಗ್ಲಿಷ್ ಬಟ್ಟೆಯ ಲೇಬಲ್ ಓದುವಷ್ಟೇ.

ಇವತ್ತು ನಾಯಕಿ ಬಿಯಾಂಕಾಗೆ ಕೆಲಸ ಸಿಕ್ಕಿತು! ಮಿಲಾನ್‌ನ ದೊಡ್ಡ ಫ್ಯಾಷನ್ ಹೌಸ್. ಯಜಮಾನಿ ಒರ್ಸೋಲಾ ಸಿಟ್ಟು ಬಂದರೆ ಕತ್ತರಿ ಎಸೆಯುತ್ತಾಳಂತೆ. ಕತ್ತರಿ ಎಸೆಯುವವಳು ಎಂಥ ಟೈಲರ್? ಹರಿತ ಹೋಗುವುದಿಲ್ಲವೇ? ಅಮೃತಾ ಬಿದ್ದು ಬಿದ್ದು ನಕ್ಕಳು.

ಈ ಪುಸ್ತಕಗಳಲ್ಲಿ ಯಾರೂ ಪಾತ್ರೆ ತೊಳೆಯುವುದಿಲ್ಲ. ಯಾರಿಗೂ ಗ್ಯಾಸ್ ಮುಗಿಯುವುದಿಲ್ಲ. ಅಳಬೇಕಾದರೂ ರೇಷ್ಮೆ ಹಾಕಿಕೊಂಡೇ ಅಳುತ್ತಾರೆ. ಒಂದು ಅಧ್ಯಾಯಕ್ಕೆ ಕಡಿಮೆ ಎಂದರೂ ಮೂರು ಗೌನು. ಕೊನೆಗೆ ಎಲ್ಲ ಸರಿಹೋಗುತ್ತದೆ ಎಂದು ಮೊದಲ ದಿನವೇ ಗೊತ್ತು. ಆ ಧೈರ್ಯ ಇದೆಯಲ್ಲ, ಅದು ನನಗೆ ಬೇರೆಲ್ಲೂ ಸಿಗುವುದಿಲ್ಲ.

ಮನೆಗೆ ಬಂದರೆ ಇವರ ತಮಾಷೆ, ಮಿಲಾನಿನ ಹವಾಮಾನ ಕೇಳುತ್ತಾರೆ. "ಎಂಥ, ಇಂದ್ ಮಿಲಾನ್‌ಲಿ ಮಳೆ ಉಟ್ಟಾ?" ತೀರ್ಥಪ್ರಸಾದರಿಗೆ ಪಿಕಪ್ ಓಡಿಸುವುದು ಬಿಟ್ಟರೆ ನನ್ನನ್ನು ಆಡಿಕೊಳ್ಳುವುದೇ ಕೆಲಸ.

ಜನವರಿ 10, ಶುಕ್ರವಾರ

ಬಿಯಾಂಕಾ ಹೆಡ್ಡಿ. ವೆಲ್ವೆಟ್ ಗೌನಿನ ಮೇಲೆ ನೇರ ಇಸ್ತ್ರಿ ಇಟ್ಟಳಂತೆ! ಕೂಗಿಯೇಬಿಟ್ಟೆ. ರೋಮ ಎಲ್ಲ ಮಲಗಿ ಪಳಪಳ ಮಿನುಗುತ್ತದೆ, ಆಮೇಲೆ ಬ್ರಹ್ಮ ಬಂದರೂ ಏಳುವುದಿಲ್ಲ. ಕೆಳಗೆ ಇನ್ನೊಂದು ವೆಲ್ವೆಟ್ ಹಾಸಿ, ಉಲ್ಟಾ ಹಾಕಿ, ಹಬೆ ಮಾತ್ರ ಕೊಡಬೇಕು. "ಬರೆದವಳಿಗೆ ಹೊಲಿಗೆ ಗಂಧ ಇಲ್ಲ" ಅಂದೆ.

ಅಮೃತಾ ಮುಖ ಸಣ್ಣದು ಮಾಡಿಕೊಂಡಳು. ಬರೆದವಳು ಅವಳ ಅಕ್ಕನೋ ತಂಗಿಯೋ ಎನ್ನುವ ಹಾಗೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಅಮೃತಾ ಎಳ್ಳು-ಬೆಲ್ಲ ತಂದಳು, ಕಬ್ಬು ತಂದಳು, ಅಧ್ಯಾಯವನ್ನೂ ತಂದಳು. ಹೊಸ ಪಾತ್ರ — ರೋಸಾ ಅಂತ. ಫ್ಯಾಷನ್ ಹೌಸಿನ ಹಳೇ ಟೈಲರ್, ಬಾಯಿ ಜೋರು, ಕೈ ಬಂಗಾರ. ಬಂದವಳೇ ಬಿಯಾಂಕಾಳ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು, ಕೆಳಗೆ ಇನ್ನೊಂದು ವೆಲ್ವೆಟ್ ಹಾಸಿ ಹಬೆ ಕೊಟ್ಟಳು. ಥೇಟ್ ನಾನು ಹೇಳಿದ ಹಾಗೆ!

ಬರೆದವಳಿಗೆ ಗೊತ್ತಿತ್ತು ಪಾಪ. ಬೇಕೆಂದೇ ತಪ್ಪು ಮಾಡಿಸಿದ್ದು. ಮಾತು ವಾಪಸ್ ತೆಗೆದುಕೊಂಡೆ. ರೋಸಾ ನನಗೆ ಬಹಳ ಇಷ್ಟವಾದಳು.

ಜನವರಿ 17, ಶುಕ್ರವಾರ. ಮಧ್ಯಾಹ್ನ 1.40

ಊಟದ ಹೊತ್ತಿಗೆ ರಮ್ಯ ಟೀಚರ್ ಬಂದಿದ್ದರು. ಯಾರೂ ಇಲ್ಲದ ಹೊತ್ತು ನೋಡಿಯೇ ಬರುತ್ತಾರೆ. ಶಟರ್ ಅರ್ಧ ಎಳೆದೆ, ಕರ್ಟನ್ ಎಳೆದೆ.

ಮೈಸೂರಿನಲ್ಲಿ ಆಪರೇಷನ್ ಆಗಿ ಎರಡು ವರ್ಷ. ಎಡಗಡೆಯದು ತೆಗೆದಿದ್ದಾರೆ. ಊರಿಗೆ, ಸ್ಕೂಲಿಗೆ ಥೈರಾಯಿಡ್ ಎಂದು ಹೇಳಿದ್ದು. ಗೊತ್ತಿರುವುದು ಅವರ ಗಂಡನಿಗೆ, ಡಾಕ್ಟರಿಗೆ, ನನಗೆ. ಟೀಚರ್ ಶ್ರೀಮಂಗಲದ ಕಡೆಯವರು. ತಮ್ಮನ ಮದುವೆಗೆ ನಮ್ಮ ಕಡೆಯ ಹಾಗೆ ಹಿಂದೆ ನೆರಿಗೆ ಬಿಟ್ಟು ಉಡಲೇಬೇಕಿತ್ತು. ಬೇರೆ ಥರ ಉಟ್ಟರೆ ಮುಂದೆ ಸೆರಗು ಇಳಿಬಿದ್ದು ಎಲ್ಲ ಮುಚ್ಚುತ್ತದೆ. ಇದು ಹಾಗಲ್ಲ — ಎಡಗೈ ಕೆಳಗಿಂದ ಎದೆಗೆ ಬಿಗಿಯಾಗಿ ಬಂದು ಬಲ ಭುಜಕ್ಕೆ ಪಿನ್. ಹಳ್ಳ ಇದ್ದರೆ ಹಳ್ಳ ಕಾಣಿಸುತ್ತದೆ. ಹತ್ತಿ ತುಂಬಿ ನೋಡಿದೆ, ಕೈ ಎತ್ತಿದರೆ ಅದೂ ಮೇಲೇರುತ್ತದೆ. ತೂಕ ಬೇಕು. ಅಕ್ಕಿ ಹಾಕಿದರೆ ಗಡುಸು. ಕೊನೆಗೆ ಸಾಸಿವೆ. ಮಸ್ಲಿನ್ ಚೀಲದಲ್ಲಿ ಸಾಸಿವೆ, ಸುತ್ತ ತೆಳ್ಳಗೆ ಹತ್ತಿ, ಬ್ಲೌಸಿನ ಒಳಗೆ ಒಂದು ಜೇಬು. ಒಗೆಯುವಾಗ ಚೀಲ ಹೊರಗೆ. ಮದುವೆಯಲ್ಲಿ ವಾಲಗಕ್ಕೆ ಕುಣಿದು ಬಂದರಂತೆ!

ಇವತ್ತು ಮೂರು ಬ್ಲೌಸ್ ಕೊಟ್ಟರು. ಹೋಗುವಾಗ, "ಸರೋಜ, ಮನೆ ಕನ್ನಡಿ ಎದುರು ಕೂಡ ನಾನು ನಿಲ್ಲುದಿಲ್ಲ. ಇಲ್ಲಿ ಮಾತ್ರ ನಿಲ್ತೇನೆ" ಅಂದರು.

ಹದಿನೆಂಟು ವರ್ಷದಿಂದ ಅಮ್ಮತ್ತಿಯ ಮೈಯೆಲ್ಲ ನನ್ನ ಅಳತೆ ಪುಸ್ತಕದಲ್ಲಿದೆ. ಒಂದು ಇಂಚು ಹೊರಗೆ ಹೋಗಿಲ್ಲ. ಅಂಗಡಿ ನಿಂತಿರುವುದು ಮೆಷಿನ್‌ನಿಂದಲ್ಲ, ಅದರಿಂದ.

ಜನವರಿ 21, ಮಂಗಳವಾರ. ಸಂಜೆ

ಇವತ್ತಿನ ಅಧ್ಯಾಯ ಅದ್ಭುತ. ಎಲೆನಾ ಎಂಬ ದೊಡ್ಡ ಮಾಡೆಲ್ ಒಂದು ವರ್ಷ ಮಾಯವಾಗಿದ್ದು ವಾಪಸ್ ಬಂದಿದ್ದಾಳೆ. ಟ್ರಯಲ್‌ಗೆ ಯಾರ ಎದುರೂ ಬಟ್ಟೆ ಬಿಚ್ಚುವುದಿಲ್ಲ. ಶೋಗೆ ಎರಡೇ ದಿನ. ಒರ್ಸೋಲಾ ಅವಳನ್ನು ತೆಗೆದುಹಾಕುತ್ತಾಳಂತೆ! ಅಷ್ಟಕ್ಕೆ ನಿಲ್ಲಿಸಿ ಅಮೃತಾ ಕೇಳಿದಳು, "ಅಕ್ಕಾ, ಅವಳಿಗೆ ಏನಾಗಿರಬೋದು ಹೇಳಿ? ನೀವಾಗಿದ್ರೆ ಏನ್ ಮಾಡ್ತಿದ್ರಿ?"

ಹೇಳಿಬಿಟ್ಟೆ.

ಹೆಸರು ಹೇಳಲಿಲ್ಲ. ಸಾಸಿವೆ ಹೇಳಿದೆ, ಜೇಬು ಹೇಳಿದೆ, ಥೈರಾಯಿಡ್ ಎಂದು ಊರಿಗೆ ಹೇಳಿದ್ದನ್ನೂ ಹೇಳಿದೆ. ಅಮೃತಾ ಬಾಯಿ ತೆರೆದುಕೊಂಡು ಕೂತಿದ್ದಳು. "ಅಕ್ಕಾ, ನೀವು ಮಿಲಾನ್‌ನಲ್ಲಿ ಇರ್ಬೇಕಿತ್ತು ಕಣಕ್ಕ." ಆ ಮಾತಿಗೆ ನಾನು ಉಬ್ಬಿಹೋದೆ, ಸುಳ್ಳೇಕೆ. ಈ ಊರಲ್ಲಿ ಯಾರಿಗೆ ಗೊತ್ತು ನನ್ನ ಕೈಕೆಲಸ? ಒಳಗಿನದು ಒಳಗೇ ಇರುತ್ತದೆ.

ಹೆಸರು ಹೇಳಲಿಲ್ಲ. ಅದು ಮುಖ್ಯ.

ಜನವರಿ 24, ಶುಕ್ರವಾರ

ಅಮೃತಾ ಇಲ್ಲ. ಜ್ವರವಂತೆ. ಎಲೆನಾ ಗತಿ ಏನೋ.

ಫೆಬ್ರವರಿ 7, ಶುಕ್ರವಾರ

ಎರಡು ವಾರದ ಮೇಲೆ ಬಂದಳು. ಎಲೆನಾ? "ಅದಾ... ಅವಳು ಶೋ ಮಾಡಿದ್ಲು ಅಕ್ಕ, ಎಲ್ರೂ ಚಪ್ಪಾಳೆ ಹೊಡೆದ್ರು." ಅಷ್ಟೇ! ಒಂದು ಇಡೀ ಅಧ್ಯಾಯ ಹಾರಿಸಿದಳು. ಬಿಯಾಂಕಾಳ ಫೋಟೋಗ್ರಾಫರ್ ಗೆಳೆಯನ ಕಥೆ ಶುರುಮಾಡಿದಳು. ನನಗೆ ಆ ಹುಡುಗನ ಮೇಲೆ ಆಸಕ್ತಿಯೇ ಇಲ್ಲ, ಅವನು ಯಾವಾಗಲೂ ಅದೇ ಜಾಕೆಟ್ ಹಾಕುತ್ತಾನೆ. ಗೊಣಗಿದೆ. ಅವಳು ಫೋನ್ ಕಡೆಗೇ ನೋಡುತ್ತಿದ್ದಳು. ಜ್ವರ ಪೂರ್ತಿ ಬಿಟ್ಟಿಲ್ಲವೋ ಏನೋ ಎಂದು ಶುಂಠಿ ಕಾಫಿ ಮಾಡಿಕೊಟ್ಟೆ.

ಫೆಬ್ರವರಿ 18, ಮಂಗಳವಾರ. ಮಧ್ಯಾಹ್ನ 12

ಹೊಲಿಗೆ ಅರ್ಧಕ್ಕೆ ನಿಲ್ಲಿಸಿದ್ದೇನೆ. ಇದನ್ನು ಮೊದಲು ಬರೆಯುತ್ತೇನೆ.

ಮೋನಿಷಾ ಬಂದಿದ್ದಳು — ಬಿ.ಎಡ್. ಹುಡುಗಿ, ರಮ್ಯ ಟೀಚರ್ ಸ್ಕೂಲಿನಲ್ಲೇ ಟ್ರೈನಿಂಗ್. ಕುರ್ತಾ ಸೈಡ್ ಹಿಡಿಯಬೇಕಿತ್ತು. ಕಾಯುತ್ತ ಫೋನ್ ನೋಡಿ ನಗುತ್ತಿದ್ದಳು. ಎಂಥ ಓದ್ತಿದ್ದೀ ಅಂದೆ.

"ಕಥೆ ಆಂಟಿ, ಮಿಲಾನ್‌ದು. ರೋಸಾ ಅಂತ ಒಂದು ಅಜ್ಜಿ ಉಂಟು ಇದರಲ್ಲಿ. ಸೇಮ್ ನಿಮ್ಮ ಹಾಗೆ ಬೈತದೆ."

ಇಂಗ್ಲಿಷಿನದಾ ಅಂದೆ. ಅಲ್ಲವಂತೆ, ಕನ್ನಡ. ಯಾವುದೋ ಆ್ಯಪ್, ವಾರಕ್ಕೆ ಎರಡು ಕಂತು. ಬರೆದವರು ಇಲ್ಲಿಯವರೇ ಎಂದು ಫೋಟೋ ತೋರಿಸಿದಳು. ಅಮೃತಾ. ನಾನು ಹೊಲಿದ ಬೋಟ್ ನೆಕ್ ಬ್ಲೌಸ್ ಹಾಕಿಕೊಂಡು ನಗುತ್ತಿದ್ದಾಳೆ.

ಆಮೇಲೆ ಮೋನಿಷಾ ತಾನಾಗಿಯೇ ಹೇಳಿದಳು. "ಎಲೆನಾ ಎಪಿಸೋಡ್ ಸೂಪರ್ ಆಂಟಿ. ನಿನ್ನೆ ಸ್ಟಾಫ್ ರೂಮಲ್ಲಿ ಊಟದ ಹೊತ್ತಿಗೆ ನಾನೇ ಜೋರಾಗಿ ಓದಿದೆ. ಮಾಡೆಲ್‌ಗೆ ಕ್ಯಾನ್ಸರ್, ಪೇಪರಿನವರಿಗೆಲ್ಲ ಥೈರಾಯಿಡ್ ಅಂತ ಹೇಳಿರ್ತಾಳೆ. ರೋಸಾ ಸಾಸಿವೆ ಚೀಲ ಹೊಲಿದು ಕೊಡ್ತದೆ. ಡ್ರಾಯಿಂಗ್ ಮಿಸ್ ತಮಾಷೆಗೆ, 'ನಮ್ಮ ರಮ್ಯಾಗೂ ಥೈರಾಯಿಡ್ ಅಲ್ವಾ' ಅಂದ್ರು. ಯಾರೂ ನಗ್ಲಿಲ್ಲ. ರಮ್ಯ ಟೀಚರ್ ಊಟ ಅರ್ಧಕ್ಕೆ ಬಿಟ್ಟು ಎದ್ದುಹೋದ್ರು."

ಹೇಳುತ್ತ ಹೇಳುತ್ತ ಮೋನಿಷಾಳಿಗೇ ಏನೋ ಹೊಳೆದ ಹಾಗಾಯಿತು. ನನ್ನ ಮುಖ ನೋಡಿ ಫೋನ್ ಬ್ಯಾಗಿಗೆ ಹಾಕಿದಳು.

ಅದೇ ದಿನ, ಮೂರು ಗಂಟೆ

ಶಟರ್ ಪೂರ್ತಿ ಎಳೆದು ಒಳಗೆ ಕೂತಿದ್ದೇನೆ. ಹೊರಗೆ ಅಮೃತಾ, "ಅಕ್ಕಾ, ಅಕ್ಕಾ" ಎಂದು ಎರಡು ಸಲ ತಟ್ಟಿ ಹೋದಳು.

ಮೋಸಗಾತಿ. ಎರಡು ವರ್ಷ ನನ್ನ ಸ್ಟೂಲಿನ ಮೇಲೆ ಕೂತು ನನ್ನನ್ನೇ ಹೀರಿದಳು. ವೆಲ್ವೆಟ್, ಇಸ್ತ್ರಿ, ನನ್ನ ಬೈಗುಳ, ಎಲ್ಲ. ನಾನು ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ಹೇಳುತ್ತಿದ್ದವಳು ನಾನು, ಕೇಳುತ್ತಿದ್ದವಳು ಅವಳು.

ಫೆಬ್ರವರಿ 19

ಟೀಚರ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೂರು ಸಲ.

ಫೆಬ್ರವರಿ 21, ಶುಕ್ರವಾರ. ಸಂಜೆ 5.30

ಅಮೃತಾ ಬಂದಳು. ಇವತ್ತು ಶಟರ್ ತೆರೆದೇ ಇಟ್ಟಿದ್ದೆ. ಬರಲಿ ಎಂದು.

"ನಿನ್ನ ಇಂಗ್ಲಿಷ್ ಪುಸ್ತಕ ತೋರಿಸು" ಅಂದೆ.

ಅವಳಿಗೆ ಅರ್ಥವಾಯಿತು. ಸ್ಟೂಲಿನ ಮೇಲೆ ಕೂರಲಿಲ್ಲ. "ಮೊದಲ ಮೂರು ನಿಜವಾಗ್ಲೂ ಪುಸ್ತಕಾನೇ ಅಕ್ಕ. ನಾಲ್ಕನೇದು ಹತ್ತು ಪುಟಕ್ಕೇ ಬೋರ್ ಆಯ್ತು. ಬರೀ ಪಾರ್ಟಿ, ಹೊಲಿಗೇನೇ ಇಲ್ಲ. ನಿಮಗೆ ಬೇಜಾರಾಗುತ್ತೆ ಅಂತ ನಾನೇ ಕಟ್ಟಿ ಹೇಳ್ದೆ. ನೀವು ನಕ್ರಿ. ಮನೆಗೆ ಹೋಗಿ ಬರ್ಕೊಂಡೆ. ಬಿಯಾಂಕಾ ನನ್ನೋಳು ಅಕ್ಕ. ನನ್ನ ಜನ್ಮದಲ್ಲಿ ನಾನೊಂದು ಮಾಡಿದ್ದು ಅಂದ್ರೆ ಅದೇ."

"ಸಾಸಿವೆ ನಿನ್ನದಾ?"

"ಹೆಸರಿಲ್ವಲ್ಲ ಅಕ್ಕ. ಮಿಲಾನ್ ಕಥೆ. ನೀವೂ ಹೆಸರು ಹೇಳಿರ್ಲಿಲ್ಲ. ಯಾರಿಗೆ ಗೊತ್ತಾಗುತ್ತೆ?"

"ಯಾರಿಗಾ? ಸ್ಟಾಫ್ ರೂಮಲ್ಲಿ ಓದಿದ್ದಾರೆ! ರಮ್ಯ ಟೀಚರ್ ಊಟ ಬಿಟ್ಟು ಎದ್ದುಹೋದರಂತೆ!"

ಬಾಯಿಂದ ಬಂದ ಮೇಲೆ ಕೇಳಿಸಿತು. ಒಂದು ತಿಂಗಳು ಬಿಗಿಹಿಡಿದಿದ್ದ ಹೆಸರು. ಅದನ್ನೂ ನಾನೇ ಕೊಟ್ಟೆ, ಸಿಟ್ಟಿನಲ್ಲಿ.

ಅಮೃತಾ ಬಿಳಿಚಿಕೊಂಡಳು. "ರಮ್ಯ ಮಿಸ್ಸಾ..." ಅಂದಳು. ಅಳತೊಡಗಿದಳು. ಅಳಲಿ ಎಂದು ಬಿಟ್ಟೆ. ತೆಗೆದುಹಾಕು ಅಂದೆ. ಇಡೀ ಕಥೆ ತೆಗೆದರೆ ಆಗುವುದಿಲ್ಲವಂತೆ, ನಲವತ್ತು ಸಾವಿರ ಜನ ಓದಿದ್ದಾರಂತೆ, ಆ ಭಾಗ ಬದಲಾಯಿಸುತ್ತಾಳಂತೆ. "ರೋಸಾ ಅಂದ್ರೆ ಎಲ್ರಿಗೂ ಜೀವ ಅಕ್ಕ. ನಾನು ನಿಮ್ಮನ್ನ ಎಷ್ಟು ಚೆನ್ನಾಗಿ ಬರ್ದಿದೀನಿ ಅಂತ ಒಂದ್ಸಲ ಓದಿ ನೋಡಿ." ಹೊರಗೆ ಹೋಗು ಅಂದೆ.

ನನಗೆ ಒಬ್ಬಳೇ ಒಬ್ಬಳು ಸ್ನೇಹಿತೆ ಇದ್ದಳು. ಬರೆದರೂ ಸಂಕಟ ಇಳಿಯುವುದಿಲ್ಲ.

ಫೆಬ್ರವರಿ 25, ಮಂಗಳವಾರ

ಆ ಆ್ಯಪ್ ಹಾಕಿಸಿಕೊಂಡೆ. ನೋಡಲೇಬೇಕಿತ್ತು.

ಬದಲಾಯಿಸಿದ್ದಾಳೆ. ಥೈರಾಯಿಡ್ ಇಲ್ಲ. ಸಾಸಿವೆ ಹೋಗಿ ಮುತ್ತು ಬಂದಿದೆ. ಮುತ್ತು! ನಡೆದರೆ ಕಟಕಟ ಎನ್ನುವುದಿಲ್ಲವೇ? ಯಾವ ಟೈಲರ್ ಮುತ್ತು ತುಂಬುತ್ತಾಳೆ? ಕೆಳಗೆ ಯಾರೋ ಕೇಳಿದ್ದಾರೆ, ಮೊದಲು ಸಾಸಿವೆ ಇತ್ತಲ್ಲ, ಅದೇ ಚೆನ್ನಾಗಿತ್ತು ಎಂದು. ಅದಕ್ಕೆ ಇನ್ನೂರು ಲೈಕು.

ಮೊದಲಿನಿಂದ ಓದಿದೆ. ಇಪ್ಪತ್ತಮೂರು ಕಂತು, ಒಂದೇ ಏಟಿಗೆ. ಚೆನ್ನಾಗಿ ಬರೆದಿದ್ದಾಳೆ ದರಿದ್ರದವಳು. ಒಂದು ಕಡೆ ನಕ್ಕೆ ಕೂಡ. ನಕ್ಕ ಮೇಲೆ ನನ್ನ ಮೇಲೇ ಅಸಹ್ಯವಾಯಿತು. ಟೀಚರ್ ಕೊಟ್ಟ ಮೂರು ಬ್ಲೌಸ್ ಹೊಲಿದು ಮಡಿಸಿಟ್ಟು ಹದಿನೈದು ದಿನ. ತೆಗೆದುಕೊಂಡು ಹೋಗಲು ಬಂದಿಲ್ಲ.

ಮಾರ್ಚ್ 3, ಸೋಮವಾರ. ಸಂಜೆ 6

ಬಂದರು.

ಊಟದ ಹೊತ್ತಲ್ಲ. ನಾಲ್ಕೂವರೆ, ಎಲ್ಲರೂ ಓಡಾಡುವ ಹೊತ್ತು. ಕರ್ಟನ್ ಕಡೆ ನೋಡಲಿಲ್ಲ. ಸ್ಟೂಲಿನ ಮೇಲೆ ಕೂತರು, ಅಮೃತಾಳ ಜಾಗದಲ್ಲಿ. ಏನು ಹೇಳಬೇಕು ಎಂದು ಹದಿನೈದು ದಿನದಿಂದ ತಯಾರು ಮಾಡಿದ್ದೆಲ್ಲ ಮರೆತುಹೋಯಿತು.

"ಸ್ಟಾಫ್ ರೂಮಿಗೆ ಹೋದ್ರೆ ಎಲ್ಲ ನನ್ನ ಎದೆ ಒಂದು ಬಿಟ್ಟು ಬೇರೆ ಎಲ್ಲ ಕಡೆ ನೋಡ್ತಾರೆ ಸರೋಜ" ಅಂದರು. "ಹೆಡ್‌ಮಿಸ್ ಮೆಟ್ಟಿಲು ಹತ್ತುದು ಬೇಡ, ಕೆಳಗಿನ ಕ್ಲಾಸ್ ತಗೊಳ್ಳಿ ಅಂದ್ರು. ಎರಡು ವರ್ಷ ನಾನು ಮೆಟ್ಟಿಲು ಹತ್ತಿದ್ದು ಯಾರಿಗೂ ಕಾಣ್ಲಿಲ್ಲ ನೋಡಿ. ಇದೇ ಬೇಡ ಅಂತ ನಾನು ಯಾರಿಗೂ ಹೇಳದೆ ಇದ್ದದ್ದು."

ಟೀಚರ್, ಅಂದೆ. ಅವರೇ ಮುಂದುವರಿಸಿದರು.

"ಆ ಹುಡುಗಿ ಶನಿವಾರ ಮನೆಗೆ ಬಂದಿದ್ಲು. ಅಮೃತಾ. ಕಾಲು ಹಿಡಿಯೋದೊಂದು ಬಾಕಿ. ನೀವು ಕಾಫಿ ಮಾಡ್ಲಿಕ್ಕೆ ಒಳಗೆ ಹೋದಾಗ ಮೇಜಿನ ಮೇಲಿದ್ದ ನನ್ನ ಬ್ಲೌಸ್ ಬಿಡಿಸಿ ನೋಡಿದ್ಲಂತೆ. ಚೀಲ ಬಿಚ್ಚಿದ್ಲಂತೆ. ಅಳತೆ ಪುಸ್ತಕದಲ್ಲಿ ನನ್ನ ಹೆಸರು ಓದಿದ್ಲಂತೆ. 'ಸರೋಜಕ್ಕಂಗೆ ಏನೂ ಗೊತ್ತಿಲ್ಲ ಮಿಸ್, ಅವರನ್ನ ಏನೂ ಅನ್ಬೇಡಿ' ಅಂತ ಒಂದೇ ಅಳು."

ನಾನು ಮೆಷಿನ್ ಹಿಡಿದುಕೊಂಡು ನಿಂತಿದ್ದೆ.

"ನಾನು ನಿಮ್ಮ ಮೇಲೆ ಅನುಮಾನ ಪಟ್ಟೆ. ಫೋನ್ ಎತ್ತಲಿಲ್ಲ. ತಪ್ಪಾಯ್ತು ಸರೋಜ. ನೀವು ಹೇಳುವವರಲ್ಲ ಅಂತ ನಂಗೆ ಗೊತ್ತಿರಬೇಕಿತ್ತು."

ಟೀಚರ್ ನನ್ನ ಹತ್ತಿರ ಕ್ಷಮೆ ಕೇಳಿದರು. ನನ್ನ ಹತ್ತಿರ!

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು, "ಪರವಾಗಿಲ್ಲ ಟೀಚರ್, ಬಿಡಿ."

ಅವರು ಎದ್ದು, ಬ್ಯಾಗಿನಿಂದ ಹಸಿರು ರೇಷ್ಮೆ ತುಂಡು ತೆಗೆದು ಕೊಟ್ಟರು. ನಾದಿನಿ ಮಗಳ ಮದುವೆಯಂತೆ. "ಮೊದಲಿನ ಹಾಗೇ ಮಾಡಿ. ನಿಮ್ಮನ್ನ ಬಿಟ್ರೆ ನಾನು ಇನ್ನು ಯಾರ ಹತ್ರ ಹೋಗ್ಲಿ?" ಅಂದು, ತಾವೇ ಕರ್ಟನ್ ಎಳೆದುಕೊಂಡು ಅಳತೆಗೆ ನಿಂತರು. ಟೇಪ್ ಹಿಡಿದ ನನ್ನ ಕೈ ತಣ್ಣಗಿತ್ತೋ ಏನೋ, ಒಂದು ಸಲ ಬೆಚ್ಚಿದರು.

ಮಾರ್ಚ್ 4, ಮಂಗಳವಾರ

ಇವರಿಗೆ ಎಲ್ಲ ಹೇಳಿದೆ. ಮಿಲಾನ್ ತಮಾಷೆ ಮಾಡಲಿಲ್ಲ. "ಸುಮ್ನೆ ಕೂತ್ರೆ ಆಕಿಲ್ಲೆ. ಹೋಗಿ ಹೇಳ್" ಅಂದರು.

ಹೇಳಿದರೆ ಟೀಚರ್‌ಗೆ ನಿಲ್ಲಲು ಇನ್ನೊಂದು ಜಾಗ ಎಲ್ಲಿದೆ ಅಂದೆ. ಅದು ನೆಪ ಎಂದು ಇಬ್ಬರಿಗೂ ಗೊತ್ತಿತ್ತು.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ 3.40

ಸ್ಟೂಲ್ ಖಾಲಿ. ತೋಟಗಳಲ್ಲಿ ಕಾಫಿ ಹೂ ಬಿಟ್ಟಿದೆ, ಅಂಗಡಿಯೊಳಕ್ಕೂ ಘಮ. ಅಮೃತಾಳಿಗೆ ಈ ವಾಸನೆ ಎಂದರೆ ಪ್ರಾಣ.

ಕೊನೆಯ ಕಂತು ಬಂದಿದೆ. ಓದಬಾರದು ಅಂದುಕೊಂಡು ಓದಿದೆ. ಬಿಯಾಂಕಾ ಗೆದ್ದಳು, ಒರ್ಸೋಲಾ ಕತ್ತರಿ ಕೆಳಗಿಟ್ಟಳು. ಗುಟ್ಟು ಪತ್ರಿಕೆಗೆ ಹೋಗಿ ಎಲೆನಾ ಎಲ್ಲರ ಮೇಲೂ ಸಂಶಯಪಟ್ಟಿರುತ್ತಾಳೆ, ರೋಸಾಳ ಮೇಲೂ. ಕೊನೆಗೆ ಹೇಳಿದ್ದು ಯಾರೋ ಕೆಲಸದ ಹುಡುಗಿ ಎಂದು ತಿಳಿದು ಬಂದು ರೋಸಾಳನ್ನು ತಬ್ಬಿಕೊಂಡು ಅಳುತ್ತಾಳೆ. ರೋಸಾ ಅವಳ ತಲೆ ಸವರಿ, "ನನ್ನ ಬಾಯಿ ಜೋರು ಮಗಳೇ, ಆದರೆ ನನ್ನ ಸೂಜಿ ಯಾರ ಗುಟ್ಟನ್ನೂ ಹೇಳುವುದಿಲ್ಲ" ಎನ್ನುತ್ತಾಳೆ. ಕೆಳಗೆ ಬರೀ ಹೃದಯ, ಕಣ್ಣೀರು, ಕೈಮುಗಿದ ಚಿತ್ರ. ನೂರಾರು.

ನನಗೂ ಕಣ್ಣು ತುಂಬಿತು. ಥೂ.

ಕಥೆಯಲ್ಲಿ ನನ್ನನ್ನು ಉಳಿಸಿದಳು. ಟೀಚರ್ ಎದುರಿಗೂ ಉಳಿಸಿದಳು. ಕೇಳಿದವರು ಯಾರು ಅವಳನ್ನು? ಕದ್ದವಳು ಕದ್ದವಳಾಗಿಯೇ ಇದ್ದಿದ್ದರೆ ನಾನು ಜೀವಮಾನ ಪೂರ್ತಿ ಬೈದುಕೊಂಡು ಆರಾಮಾಗಿ ಇರುತ್ತಿದ್ದೆ. ಈಗ ಬೈಯಲೂ ಬಾಯಿಲ್ಲ. ನನಗೆ ದ್ರೋಹ ಮಾಡಿದವಳು ನನ್ನ ದ್ರೋಹವನ್ನೂ ತಾನೇ ಹೊತ್ತುಕೊಂಡು ಕೂತಿದ್ದಾಳೆ, ಅನಿಲ್‌ಕುಮಾರ್ ಮನೆಯ ಕಿಟಕಿ ಹಾಕಿಕೊಂಡು. ಮೋನಿಷಾ ಹೇಳಿದಳು, ಬ್ಲೌಸ್ ಕದ್ದು ನೋಡಿದವಳು ಎಂದು ಊರಲ್ಲಿ ಅವಳನ್ನು ಯಾರೂ ಮಾತನಾಡಿಸುತ್ತಿಲ್ಲವಂತೆ. ನನ್ನನ್ನು ಮಾತ್ರ ಎಲ್ಲರೂ ಪಾಪ ಸರೋಜಕ್ಕ ಎನ್ನುತ್ತಿದ್ದಾರಂತೆ.

ಹಸಿರು ಬ್ಲೌಸ್ ಆಯಿತು. ಜೇಬೂ ಆಯಿತು. ಚೀಲಕ್ಕೆ ಇನ್ನೂ ತುಂಬಿಲ್ಲ. ನಾಲ್ಕಕ್ಕೆ ಟ್ರಯಲ್ ಎಂದು ಟೀಚರ್ ಮೆಸೇಜ್ ಹಾಕಿದ್ದಾರೆ. ಇವತ್ತು ಹೇಳುತ್ತೇನೆ. ಬ್ಲೌಸ್ ಹಾಕಿಕೊಳ್ಳುವ ಮೊದಲೇ. ಅವರು ಕರ್ಟನ್ ಎಳೆದು ಒಳಗೆ ನಿಂತುಬಿಟ್ಟರೆ ನನ್ನಿಂದ ಆಗುವುದಿಲ್ಲ, ಅದಕ್ಕೆ ಬಾಗಿಲಲ್ಲೇ. ಅಮೃತಾ ನೋಡಿದ್ದಲ್ಲ, ನಾನು ಹೇಳಿದ್ದು. ಎರಡು ಸಲ.

ಸ್ಕೂಟರ್ ನಿಂತಿತು. ಅವರೇ. ಬೇಗ ಬಂದಿದ್ದಾರೆ. ಹೇಳುವುದು ಇಷ್ಟೇ: ಟೀಚರ್, ಒಳಗೆ ಬರಬೇಡಿ, ಮೊದಲು ಕೇಳಿ, ಆ ಗುಟ್ಟು ಹೇಳಿದ್ದು ನಾ—